ಹಸಿರು ಸೀರೆಯ ನಾಯಕಿ

ಅಲ್ ಕುಸೈಸ್, ದುಬೈ
11 ಜನವರಿ 2025

ಪ್ರೀತಿಯ ಮೆಲಿಸ್ಸಾ ಬಾಯೇ,

ಸರ್ವಶಕ್ತ ದೇವರ, ನಮ್ಮ ಕಟ್ಟಡದ ವಾಚ್‌ಮನ್‌ನ ಮತ್ತು ಈ ಪತ್ರ ಹೊತ್ತು ತರುವ ಡ್ರೈವರ್ ತೌಫೀಕನ ಸಮಕ್ಷಮದಲ್ಲಿ, ಅರವತ್ತೆರಡು ಪ್ರಾಯದ, ಗೋದಾಮಿನ ಸ್ಟೋರ್‌ಕೀಪರ್ ಕಜೆತಾನ್ ಎಂಬ ನಾನು ಸ್ವಸ್ಥ ಮನಸ್ಸಿನಿಂದ ಒಪ್ಪಿಕೊಳ್ಳುವುದೇನೆಂದರೆ: ನಾನು ಕಳ್ಳ.

ನವೆಂಬರಿನಲ್ಲಿ ನಿನ್ನ ಮಮ್ಮಿ ತೀರಿಕೊಂಡು ಒಂದು ವರ್ಷದ ಪೂಜೆ ಮುಗಿದ ಮಧ್ಯಾಹ್ನ ನೀನು ಅವಳ ಏಳು ಸೀರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಟೇಪು ತರಲೆಂದು ಕೆಳಗಿನ ಗ್ರೋಸರಿಗೆ ಇಳಿದೆಯಲ್ಲ, ಆ ನಾಲ್ಕು ನಿಮಿಷದಲ್ಲಿ ಹಸಿರು ಸೀರೆಯನ್ನು ಎತ್ತಿ ನನ್ನ ದಿಂಬಿನ ಕವರಿಗೆ ತುರುಕಿದೆ. ನೀನು ಮೇಲೆ ಬಂದಾಗ ಆ ದಿಂಬಿನ ಮೇಲೆ ತಲೆಯಿಟ್ಟು ತಲೆನೋವು ಎಂದು ನರಳಿದೆ. ಅಪರಾಧ ಸೀರೆಯದ್ದು, ಆದ್ದರಿಂದ ಸೀರಿಯಸ್ಸೇ. ಶಿಕ್ಷೆ ಏನಿದ್ದರೂ ಬರೆದು ಕಳಿಸು.

ಫೋನ್ ಮಾಡಬಹುದಿತ್ತು. ಆದರೆ ಫೋನನ್ನು ನೀನು ಕಟ್ ಮಾಡುತ್ತಿ. ವಾಟ್ಸ್‌ಆ್ಯಪ್ಪಿನಲ್ಲಿ ನೀಲಿ ಗೆರೆ ಎರಡು, ಉತ್ತರ ಸೊನ್ನೆ. ಕಾಗದವನ್ನು ಕಟ್ ಮಾಡಬೇಕಾದರೆ ಕತ್ತರಿ ಹುಡುಕಬೇಕು. ಅಷ್ಟರಲ್ಲಿ ಎರಡು ಸಾಲಾದರೂ ಓದಿರುತ್ತಿ. ತೌಫೀಕನ ವ್ಯಾನ್ ನಮ್ಮ ಗೋದಾಮಿನಿಂದ ಬನಿಯಾಸ್‌ಗೆ ಹದಿನೈದು ದಿನಕ್ಕೊಮ್ಮೆ ಬರುತ್ತದೆ, ನೀನು ಕಲಿಸುವ ಶಾಲೆಯ ಗೇಟಿನ ಮುಂದೆಯೇ ಹೋಗುತ್ತದೆ. ಇನ್ನು ಭಾಷೆಯ ಪ್ರಶ್ನೆ. ಕೊಂಕಣಿ ನಮ್ಮಿಬ್ಬರಿಗೆ ಜಗಳದ ಭಾಷೆ, ಇಂಗ್ಲಿಷ್ ನಿನ್ನ ಸಂಬಳದ ಭಾಷೆ. ಹತ್ತನೆಯ ತನಕ ನಿನ್ನನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಕನ್ನಡ ಶಾಲೆಗೆ ಕಳಿಸಿದ್ದು ಈಗ ಉಪಕಾರಕ್ಕೆ ಬಂತು ನೋಡು. ಕನ್ನಡದಲ್ಲಿ ನಾವಿನ್ನೂ ಜಗಳವಾಡಿಲ್ಲ.

ಆ ಸೀರೆ ಕದ್ದದ್ದು ಹೆಂಡತಿಯ ನೆನಪಿಗೆ ಎಂದು ನೀನು ಕರಗುವುದು ಬೇಡ. ಅದು ಕಲಾವಿದನ ಆಸ್ತಿ. 1996ರ ಡಿಸೆಂಬರಿನಲ್ಲಿ, ನೀನು ಅಜ್ಜಿಯ ಸೆರಗು ಹಿಡಿದು ಓಡಾಡುತ್ತಿದ್ದ ಕಾಲದಲ್ಲಿ, ನಿನ್ನ ಪಪ್ಪ ಅದನ್ನುಟ್ಟು ದುಬೈಯ ಕೊಂಕಣಿ ರಂಗಭೂಮಿಯನ್ನು ಗೆದ್ದ. ಶೋಕೇಸಿನ ಕಪ್ ಸಾಕ್ಷಿ: ‘ಅತ್ಯುತ್ತಮ ಸ್ತ್ರೀಪಾತ್ರ, ಶ್ರೀ ಕಜೆತಾನ್’. ಒಂದೇ ಪಾತ್ರ, ಒಂದೇ ಕಪ್, ಕೂಡಲೇ ನಿವೃತ್ತಿ. ಶಿಖರದಿಂದ ಯಾರೂ ನನ್ನನ್ನು ಇಳಿಸಲಿಲ್ಲ, ನಾನೇ ಇಳಿದೆ.

ಇನ್ನೊಂದು ವಿಷಯ. ನಗಬಾರದು. ಸಂಜೆ ಮಸೀದಿಯ ಬಾಂಗ್ ಮುಗಿದ ಮೇಲೆ ಅಡುಗೆಮನೆಯಲ್ಲಿ ಸ್ವರ ಕೇಳುತ್ತದೆ. ನಮ್ಮ ತಂಡದಲ್ಲಿ ಇಡೀ ನಾಟಕದ ಪ್ರತಿ ಇದ್ದದ್ದು ಡೈರೆಕ್ಟರ್ ಬಳಿ ಮಾತ್ರ. ಡೈರೆಕ್ಟರ್ ಅಂದರೆ ಮಮ್ಮಿಯ ಅಣ್ಣ, ನಿನ್ನ ಆಸ್ವಾಲ್ಡ್ ಮಾಮ. ಉಳಿದವರಿಗೆ ಒಂದೊಂದು ಚೀಟಿ. ಅದರಲ್ಲಿ ನಮ್ಮ ಮಾತು ಪೂರ್ತಿ, ಎದುರಿನವನ ಮಾತಿನ ಕೊನೆಯ ಎರಡು ಮೂರು ಶಬ್ದ ಮಾತ್ರ. ಅದಕ್ಕೆ ಬಾಲ ಎನ್ನುತ್ತಿದ್ದೆವು. ಬಾಲ ಕಿವಿಗೆ ಬಿದ್ದ ಕೂಡಲೇ ಬಾಯಿ ತೆರೆಯಬೇಕು. ಮಮ್ಮಿ ಮೀನು ಕೊಯ್ಯುತ್ತಾ ಬಾಲ ಕೊಡುತ್ತಿದ್ದಳು (ಮೀನಿನದ್ದು ಬೆಕ್ಕಿಗೆ, ನಾಟಕದ್ದು ನನಗೆ), ನಾನು ಹೊರಗಿನ ಹಾಲ್‌ನಿಂದ ಉತ್ತರಿಸುತ್ತಿದ್ದೆ.

ಈಗಲೂ ಕೊಡುತ್ತಾಳೆ. ಪ್ರತಿ ಸಂಜೆ ಒಂದೇ ಬಾಲ. ‘ತುಂ ಕೋಣ್, ಸಾಂಗ್.’ ನೀನು ಯಾರು, ಹೇಳು. ನನ್ನ ಮಾತು ಏನಿತ್ತೆಂದು ನೆನಪಾಗುವುದಿಲ್ಲ. ಎದ್ದು ಹೋಗಿ ಲೈಟ್ ಹಾಕುತ್ತೇನೆ. ಸಿಂಕ್ ಒಣಗಿರುತ್ತದೆ.

ಇತಿ, ಶಿಕ್ಷೆಗೆ ತಲೆಬಾಗಿ,
ಪಪ್ಪಾ


ಬನಿಯಾಸ್, ಅಬುಧಾಬಿ
25 ಜನವರಿ 2025

ಪಪ್ಪಾ,

ಕಳ್ಳತನ ನವೆಂಬರಿನಲ್ಲೇ ಗೊತ್ತಾಗಿತ್ತು. ದಿಂಬಿನ ಕವರಿನಿಂದ ಅಂಚು ಹೊರಗೆ ಬಂದಿತ್ತು. ಅದರ ಮೇಲೆ ನಿಮ್ಮ ನರಳಾಟ ಬೇರೆ. ಆ ನಟನೆಗೆ ಯಾರೂ ಕಪ್ ಕೊಡುತ್ತಿರಲಿಲ್ಲ.

ನಾನು ಉತ್ತರ ಬರೆಯುತ್ತಿರುವುದು ಬಾಲದಿಂದಾಗಿ. ನನ್ನ ಪಿಎಚ್‌ಡಿ ಯಾವುದರ ಮೇಲೆ ಎಂದು ನೀವು ಕೇಳಿಲ್ಲ, ನಾನೂ ಹೇಳಿಲ್ಲ. ನಾನೂರು ವರ್ಷದ ಹಿಂದೆ ಲಂಡನ್ನಿನ ನಾಟಕಶಾಲೆಗಳಲ್ಲಿ ಹೆಂಗಸರು ಸ್ಟೇಜ್ ಹತ್ತುವ ಪದ್ಧತಿ ಇರಲಿಲ್ಲ. ರಾಣಿ, ಪ್ರೇಯಸಿ, ವಿಧವೆ, ಎಲ್ಲರೂ ಸ್ವರ ಒಡೆಯದ ಹುಡುಗರು. ತಮಾಷೆಯೆಂದರೆ, ಆ ನಾಟಕಗಳ ನಾಯಕಿಯರು ಮತ್ತೆ ಮತ್ತೆ ಗಂಡಿನ ವೇಷ ಹಾಕಿಕೊಂಡು ಊರು ಬಿಡುತ್ತಾರೆ. ಹುಡುಗ ಹುಡುಗಿಯಾಗಿ, ಆ ಹುಡುಗಿ ಮತ್ತೆ ಹುಡುಗನಾಗಿ. ಅವರಿಗೂ ಇಡೀ ನಾಟಕ ಸಿಗುತ್ತಿರಲಿಲ್ಲ. ಉದ್ದನೆಯ ಕಾಗದದ ಸುರುಳಿ. ಅದರಲ್ಲಿ ಅವರ ಮಾತು, ಮುಂಚಿನ ಮಾತಿನ ಬಾಲ. ನಾನು ಇದನ್ನು ಮೂರು ವರ್ಷ ಪುಸ್ತಕಗಳಲ್ಲಿ ಓದಿದೆ. ನಿಮ್ಮ ಅಡುಗೆಮನೆಯಲ್ಲಿ ಅದು ನಡೆಯುತ್ತಿತ್ತೆಂದು ಓದಿ ಕುರ್ಚಿಯಿಂದ ಎದ್ದುಬಿಟ್ಟೆ.

ಕೊನೆಯ ಅಧ್ಯಾಯವನ್ನು ನಿಮ್ಮಿಂದ ಶುರು ಮಾಡುತ್ತೇನೆ. ಏಪ್ರಿಲ್ 30ಕ್ಕೆ ಒಪ್ಪಿಸಬೇಕು. ಹಸಿರು ಸೀರೆಯ ಫೋಟೋ ಬೇಕು. ಚೀಟಿ ಎಲ್ಲಾದರೂ ಇದ್ದರೆ ಅದೂ ಬೇಕು. ಆ ದಿನ ನಡೆದದ್ದು ನಡೆದ ಹಾಗೆ ಬೇಕು, ಪನ್ ಇಲ್ಲದೆ.

ಕ್ಷಮಿಸಿದ್ದೇನೆ ಅಂದುಕೊಳ್ಳಬೇಡಿ. ಸದ್ಯಕ್ಕೆ ನೀವು ನನ್ನ ಅಧ್ಯಾಯಕ್ಕೆ ಆಧಾರ, ಅಪ್ಪ ಅಲ್ಲ.

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ರಿಪೇರಿ ಮಾಡಿಸಿ.

ಮೆಲಿಸ್ಸಾ


ಅಲ್ ಕುಸೈಸ್
15 ಫೆಬ್ರವರಿ 2025

ಬಾಯೇ,

ಮಗಳಿಗೆ ಆಧಾರವಾಗುವ ಭಾಗ್ಯ ಎಷ್ಟು ಅಪ್ಪಂದಿರಿಗೆ ಸಿಗುತ್ತದೆ? ಬಹಳ ಮಂದಿಗೆ ಆಧಾರ್ ಕಾರ್ಡೇ ಗತಿ. (ಕ್ಷಮಿಸು. ಇದು ಕೊನೆಯದು.) ಬಾಲನಟರಿಗೆ ಬಾಲವನ್ನು ಕೊಟ್ಟ ಆ ಲಂಡನ್ನಿನವರಿಗೆ ನನ್ನ ನಮಸ್ಕಾರ. (ಇದು ಕೊನೆಯದು.)

ಫೋಟೋ ಇದರೊಳಗಿದೆ. ನೋಡಿಕೋ. ಆ ನಿಲುವು, ಆ ಸೆರಗು! ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಮುಂಬೈ ಡಾಕ್‌ಯಾರ್ಡಿಗೆ ದುಡಿಯಲು ಹೋದ ಗಂಡ ಕಾಗದ ಬರೆಯುವುದಿಲ್ಲ. ಅವಳು ಗಂಡಿನ ವೇಷ ಹಾಕಿ ಹುಡುಕಿಕೊಂಡು ಹೋಗುತ್ತಾಳೆ. ಅದು ನಮ್ಮ ನಾಟಕ. ಮೊದಲ ಅಂಕದಲ್ಲಿ ಸೀರೆ, ಎರಡನೆಯದರಲ್ಲಿ ಪ್ಯಾಂಟು ಶರ್ಟು ಟೋಪಿ, ಕೊನೆಗೆ ಮತ್ತೆ ಸೀರೆ. ಗಂಡಸು ಹೆಂಗಸಾಗಿ, ಹೆಂಗಸು ಗಂಡಸಾಗಿ. ನಿನ್ನ ಲಂಡನ್ ದುಬೈಯ ನಮ್ಮ ಕರಾಮ ಬಡಾವಣೆಗೆ ಬಂದ ಹಾಗೆ. ಇಲ್ಲಿನ ಕೊಂಕಣಿ ಸಂಘದ ಪತ್ರಿಕೆಯಲ್ಲಿ ಬಂದದ್ದನ್ನು ಇವತ್ತಿಗೂ ಬಾಯಿಪಾಠ ಹೇಳುತ್ತೇನೆ: ‘ಕಜೆತಾನರ ಕಂಠ ಥೇಟ್ ಹೆಣ್ಣಿನದು. ನಡಿಗೆ ನೋಡಿ ಹೆಂಗಸರೇ ನಾಚಿಕೊಂಡರು. ಒಬ್ಬ ಗಂಡಸು ಇಷ್ಟು ಆಳಕ್ಕೆ ಇಳಿದದ್ದು ಹೇಗೆ?’

ತಂಡದಲ್ಲಿ ಹೆಂಗಸರು ಯಾಕಿರಲಿಲ್ಲ ಎಂದು ನಿನ್ನ ಅಧ್ಯಾಯದಲ್ಲಿ ಕೇಳುತ್ತಾರೆ. ರಿಹರ್ಸಲ್ ನಡೆಯುತ್ತಿದ್ದದ್ದು ಬ್ಯಾಚುಲರ್ ಫ್ಲ್ಯಾಟಿನಲ್ಲಿ, ಎಂಟು ಜನರ ಬಂಕ್ ಮಂಚಗಳ ನಡುವೆ. “ನಮ್ಮ ಮನೆಯ ಹೆಣ್ಣುಮಕ್ಕಳು ಅಲ್ಲಿಗೆ ಬರುವುದಾ? ಮಾಫಿ, ಇಲ್ಲವೇ ಇಲ್ಲ. ಖಲಾಸ್!” ಅಂದಿದ್ದ ಆಸ್ವಾಲ್ಡ್. ನಾಟಕದ ದಿನ ಗ್ರೀನ್‌ರೂಮಿಗೆ ಬರಲು ಅಪ್ಪಣೆ ಇದ್ದದ್ದು ಮಮ್ಮಿಗೊಬ್ಬಳಿಗೆ. ಡೈರೆಕ್ಟರನ ತಂಗಿ, ಆಸ್ಪತ್ರೆಯ ನರ್ಸು, ಸೂಜಿ ಪಿನ್ನು ಹಿಡಿದರೆ ಕೈ ನಡುಗದವಳು. ನನಗೆ ನೆರಿಗೆ ಹಿಡಿದು ಪಿನ್ ಚುಚ್ಚುವುದು ಅವಳ ಕೆಲಸ. ನಮ್ಮ ಮನೆಯಲ್ಲಿ ಪಾತ್ರ ನನ್ನದು, ಪಾತ್ರೆ ಅವಳದು.

ಇದನ್ನೂ ಬರೆದುಕೋ: ಹೆಣ್ಣು ಹೆಣ್ಣಾಗಿ ನಿಂತರೆ ಅದರಲ್ಲಿ ಕಲೆ ಎಲ್ಲಿ? ದೂರದಿಂದ ನೋಡಿದವನಿಗೇ ಬೆಟ್ಟ ಪೂರ್ತಿ ಕಾಣುವುದು.

ಸೀರೆಯ ಮಡಿಕೆ ಬಿಡಿಸುವಾಗ ಚೀಟಿಯೂ ಸಿಕ್ಕಿತು. ಹನ್ನೊಂದು ಹಾಳೆ, ಮೂಲೆಗೆ ಪಿನ್. ಅದನ್ನು ಈಗ ಕಳಿಸುವುದಿಲ್ಲ, ಕಾಗದ ಪುಡಿಯಾಗುತ್ತಿದೆ.

ಸೀರೆಯನ್ನು ಬಾಗಿಲ ಹಿಂದೆ ತೂಗುಹಾಕಿದ್ದೇನೆ. ಎಸಿ ಶುರುವಾದಾಗ ಅಂಚು ಅಲುಗುತ್ತದೆ, ನೆಲದಿಂದ ನಾಲ್ಕು ಬೆರಳು ಮೇಲೆ, ಸರಿಯಾಗಿ ಒಬ್ಬರು ನಡೆದಾಗ ಅಲುಗುವ ಹಾಗೆ. ಫ್ಯಾನ್ ರಿಪೇರಿ ಆಯಿತು. ಸ್ವರ ನಿಂತಿಲ್ಲ.

ನಿನ್ನ ಆಧಾರ,
ಪಪ್ಪಾ


ಬನಿಯಾಸ್
7 ಮಾರ್ಚ್ 2025

ಪಪ್ಪಾ,

ರಂಜಾನ್ ಆದ್ದರಿಂದ ಶಾಲೆ ಬೇಗ ಬಿಡುತ್ತದೆ. ಖಾಲಿ ಕ್ಲಾಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ನೀವು ಬರೆದ ಬೆಟ್ಟದ ಮಾತನ್ನು ನಾನು ಮೊದಲೂ ಕೇಳಿದ್ದೇನೆ. 2008ರ ರಜೆ. ನನಗೆ ಹದಿನೇಳು. ಸಂಘದ ನಾಟಕಕ್ಕೆ ನನ್ನನ್ನು ಆರಿಸಿದ್ದರು, ಎರಡು ವಾರ ರಿಹರ್ಸಲ್ ಆಗಿತ್ತು. ಊಟದ ಮೇಜಿನಲ್ಲಿ ನೀವು ಅದೇ ಬೆಟ್ಟ ಹೇಳಿ, “ಸ್ಟೇಜು ಗೀಜು ಬೇಡ, ನಾಳೆಯಿಂದ ಹೋಗುವುದಿಲ್ಲ” ಅಂದಿರಿ. ನಾನು ಮಮ್ಮಿಯ ಮುಖ ನೋಡಿದೆ. ಅವಳು ಪ್ಲೇಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನೀವೂ ಎದ್ದು ಹಿಂದೆ ಹೋದಿರಿ. ನೀರಿನ ಸದ್ದು ಕೇಳಿತು. ಆಮೇಲೆ ನೀರು ನಿಂತಿತು. ಅಷ್ಟೇ.

ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನನ್ನ ದೊಡ್ಡ ಸಿಟ್ಟು ನಿಮ್ಮ ಮೇಲಲ್ಲ. ನೀವು ಹೇಗೂ ಹಾಗೆಯೇ. ಅವಳ ಮೇಲೆ. ಒಂದೇ ಒಂದು ಮಾತು ಆಡಬಹುದಿತ್ತು. ಐಸಿಯುನಲ್ಲಿ ಅವಳ ಕೈ ಹಿಡಿದುಕೊಂಡಿದ್ದಾಗಲೂ ನಾನು ಆ ಸಿಟ್ಟನ್ನು ಬಿಟ್ಟಿರಲಿಲ್ಲ. ಅಧ್ಯಾಯದ ಮೊದಲ ಪುಟದಲ್ಲಿ ಈ ವಾಕ್ಯ ಬರೆದಿದ್ದೇನೆ: ‘ನನ್ನ ತಾಯಿ ನೆರಿಗೆ ಹಿಡಿದಳು, ಪಿನ್ ಚುಚ್ಚಿದಳು, ಜೀವಮಾನವಿಡೀ ಸುಮ್ಮನಿದ್ದಳು.’ ಗೈಡ್ ನತಾಶಾ ಮೇಡಮ್‌ಗೆ ಬಹಳ ಇಷ್ಟವಾಯಿತು.

ಫೋಟೋವನ್ನು ಶಾಲೆಯ ಸ್ಕ್ಯಾನರಿನಲ್ಲಿ ದೊಡ್ಡದು ಮಾಡಿದೆ. ಅಂಚಿನ ಕೆಳಗೆ ಎಡಗಾಲು ಕಾಣುತ್ತದೆ. ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿದೆ. ನಿಮ್ಮ ಚಪ್ಪಲಿ ಹತ್ತನೆಯ ನಂಬರು, ಬೆರಳುಗಳು ಸಿಪಾಯಿಗಳ ಹಾಗೆ ಸಾಲು. ಆ ಬೆರಳು ಮಮ್ಮಿಯದು. ನನಗೂ ಇದೆ, ಈಗ ಶೂ ತೆಗೆದು ನೋಡಿದೆ.

ಮಮ್ಮಿ ಸ್ಟೇಜಿನ ಹಿಂದೆ ಇದ್ದವಳು. ಫೋಟೋ ಸ್ಟೇಜಿನ ಮೇಲಿನದು. ಯಾರ ಕಾಲು ಪಪ್ಪಾ ಅದು?

ಮೆಲಿಸ್ಸಾ


ಅಲ್ ಕುಸೈಸ್
22 ಮಾರ್ಚ್ 2025

ಬಾಯೇ,

ತೌಫೀಕ್ ಇಫ್ತಾರಿನ ಮುಂಚೆ ಹೊರಡಬೇಕಂತೆ, ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಆದ್ದರಿಂದ ಚುಟುಕು.

ಹಳೆಯ ಕ್ಯಾಮೆರಾ. ಲೆನ್ಸ್ ವಕ್ರ. ಡಿಸೆಂಬರಿನ ಚಳಿಗೆ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿರಬಹುದು. ಕಾಲ ಕೆಟ್ಟಿತ್ತು, ಕಾಲೂ ಕೆಟ್ಟಿತ್ತು ಎಂದಿಟ್ಟುಕೋ.

ಆ ವಾಕ್ಯ ಮಾತ್ರ ತೆಗೆದುಬಿಡು. ಕಾರಣ ಕೇಳಬೇಡ.

ಪಪ್ಪಾ


ಬನಿಯಾಸ್
5 ಏಪ್ರಿಲ್ 2025

ಪಪ್ಪಾ,

ಕಾಲಿನ ವಿಷಯವನ್ನು ಅಡಿಟಿಪ್ಪಣಿಯಲ್ಲಿ ಹಾಕಬಹುದಿತ್ತು. (ನಿಮ್ಮದೇ ರೋಗ, ನೋಡಿ.) ಆದರೆ ನನ್ನ ಊಹೆ ಆಧಾರವಾಗುವುದಿಲ್ಲ. ಆ ದಿನ ಅಲ್ಲಿದ್ದ ನಮ್ಮ ಮನೆಯವರಲ್ಲಿ ಆಸ್ವಾಲ್ಡ್ ಮಾಮ ತೀರಿಹೋದರು, ಮಮ್ಮಿ ಹೋದಳು. ಉಳಿದದ್ದು ನೀವು.

ನೀವು ಹೇಳದಿದ್ದರೆ ವಾಕ್ಯ ಹಾಗೆಯೇ ಇರುತ್ತದೆ. 30ರ ಬಳಿಕ ಅದು ಲೈಬ್ರರಿಯಲ್ಲಿ ಬೈಂಡ್ ಆಗಿ ಕೂತಿರುತ್ತದೆ. ನಿಮಗೆ ಅಡುಗೆಮನೆಯಲ್ಲಿ ಸ್ವರವಾದರೂ ಕೇಳುತ್ತದೆ. ನನ್ನ ಬಳಿ ಅವಳ ಆರು ಸೀರೆ ಇವೆ, ಒಂದು ಮಾತೂ ಇಲ್ಲ.

ಮೆಲಿಸ್ಸಾ


ಅಲ್ ಕುಸೈಸ್
18 ಏಪ್ರಿಲ್ 2025, ಶುಭ ಶುಕ್ರವಾರ

ಮೆಲಿಸ್ಸಾ,

ಈಸ್ಟರಿನ ಮುಂಚೆ ಪಾಪನಿವೇದನೆಗೆ ಹೋಗಿದ್ದೆ. ಉದ್ದ ಕ್ಯೂ. ಫಾದರ್, ಪಾಪ, ದಣಿದಿದ್ದರು. ಸೀರೆ ಕದ್ದೆ ಎಂದೆ. “ಯಾರದ್ದು?” “ಹೆಂಡತಿಯದ್ದು.” “ಹೆಂಡತಿಗೆ ಹೇಳಿದಿರಾ?” “ತೀರಿಕೊಂಡಿದ್ದಾಳೆ.” “ಮತ್ತೆ ಕದ್ದದ್ದು ಹೇಗಾಯಿತು?” ಆಗ ಬಾಯಿಗೆ ಬಂದುಬಿಟ್ಟಿತು: “ಫಾದರ್, ಕದ್ದದ್ದು ಸೀರೆ ಅಲ್ಲ.” ಅವರು ಎಲ್ಲ ಕೇಳಿ, ಪ್ರಾಯಶ್ಚಿತ್ತಕ್ಕೆ ಜಪಸರ ಕೊಡಲಿಲ್ಲ. “ಮಗಳಿಗೆ ಬರೆಯಿರಿ” ಅಂದರು.

ಡಿಸೆಂಬರ್ 1996. ಶಾಲೆಯೊಂದರ ಹಾಲ್. ಬಣ್ಣ ಹಚ್ಚಿ, ವಿಗ್ ಇಟ್ಟು, ಹಸಿರು ಸೀರೆ ಉಟ್ಟು ಪರದೆಯ ಸಂದಿನಿಂದ ನೋಡಿದೆ. ಮೊದಲ ಸಾಲಿನಲ್ಲಿ ಆಗ ನಾನು ಕೆಲಸಕ್ಕಿದ್ದ ಹೋಟೆಲಿನ ಜನರಲ್ ಮ್ಯಾನೇಜರ್, ಜರ್ಮನ್, ಕೊರಳಿಗೆ ಹೂವಿನ ಹಾರ. ಮರುದಿನ ಬೆಳಿಗ್ಗೆ ನಾನು ಕೋಟು ಟೈ ಹಾಕಿ ಅವನ ರಿಸೆಪ್ಷನ್ನಿನಲ್ಲಿ ನಿಲ್ಲಬೇಕು. ಗ್ರೀನ್‌ರೂಮಿನ ಹಿಂದಿನ ಟಾಯ್ಲೆಟ್ಟಿಗೆ ನುಗ್ಗಿ ಚಿಲಕ ಹಾಕಿದೆ.

ಮಮ್ಮಿ ಬಂದು ಬಡಿದಳು. “ಬಾಗಿಲು ತೆಗೀರಿ. ಮೊದಲನೇ ಬೆಲ್ ಆಯ್ತು.”

“ನನ್ನಿಂದ ಆಗುದಿಲ್ಲ ಫೆಲ್ಸಿ.”

“ಎಂತ ಆಗುದಿಲ್ಲ? ಎಂಟುನೂರು ಜನ ಕೂತಿದ್ದಾರೆ.”

“ಆಗುದಿಲ್ಲ ಅಂದೆನಲ್ಲ ಮಾರಾಯ್ತಿ!”

ಹೋದಳು ಅಂದುಕೊಂಡೆ. ಆಮೇಲೆ ಬಾಗಿಲಿಗೆ ಬಾಯಿ ಹಚ್ಚಿದ ಹಾಗೆ, ಮೆತ್ತಗೆ: “ಹಾಗಾದ್ರೆ ಸೀರೆ ಕೊಡಿ. ವಿಗ್ ಸಹ.”

“ಎಂತಕ್ಕೆ?”

“ಕೊಡಿ.”

ಬಾಗಿಲಿನ ಮೇಲಿಂದ ಎಸೆದೆ.

ನಾನು ನಾಟಕವನ್ನು ಟಾಯ್ಲೆಟ್ಟಿನ ವೆಂಟಿಲೇಟರ್ ಕಿಂಡಿಯಿಂದ ಕೇಳಿದೆ. ಅವಳು ಒಂದು ಬಾಲವನ್ನೂ ತಪ್ಪಿಸಲಿಲ್ಲ. ಜನ ನಕ್ಕರು, ಶಿಳ್ಳೆ ಹಾಕಿದರು, ಆಮೇಲೆ ಅಳತೊಡಗಿದರು. ಸ್ಟೇಜಿನ ಮೇಲಿದ್ದವರಿಗೆ ಎರಡನೆಯ ದೃಶ್ಯದಲ್ಲೇ ಗೊತ್ತಾಗಿತ್ತು. ಯಾರೂ ಆಟ ನಿಲ್ಲಿಸಲಿಲ್ಲ. ಎರಡನೆಯ ಅಂಕದ ಕೊನೆಯಲ್ಲಿ ಡಾಕ್‌ಯಾರ್ಡಿನ ಸೂಪರಿಂಟೆಂಡೆಂಟ್ ಅವಳ ಟೋಪಿ ಕಿತ್ತು ಕೇಳುತ್ತಾನೆ. ಆ ಪಾತ್ರ ಆಸ್ವಾಲ್ಡನದು. ‘ತುಂ ಕೋಣ್, ಸಾಂಗ್.’ ಅವನ ಸ್ವರ ನಡುಗಿತು. ರಿಹರ್ಸಲಿನಲ್ಲಿ ಒಂದು ದಿನವೂ ನಡುಗಿರಲಿಲ್ಲ. ಸ್ವಂತ ತಂಗಿಯನ್ನು ಎಂಟುನೂರು ಜನರ ಮುಂದೆ ನಿಜವಾಗಿಯೇ ಕೇಳುತ್ತಿದ್ದ.

ಅವಳು ಉತ್ತರ ಹೇಳಿದಳು. ಅದು ನನಗೆ ಮರೆತದ್ದಲ್ಲ. ಮರೆತೆ ಎಂದು ಬರೆದದ್ದು ಸುಳ್ಳು. ‘ನೀವು ಇಷ್ಟು ದಿನ ನೋಡಿದ್ದು ನನ್ನನ್ನಲ್ಲ.’

ಟಾಯ್ಲೆಟ್ಟಿನ ನಲ್ಲಿಯ ಮೂರು ಹನಿ ಎಣಿಸಿದೆ. ಆಮೇಲೆ ಚಪ್ಪಾಳೆ.

ಕಪ್ ಕೊಡುವಾಗ ಹೆಸರು ಕರೆದರು, ಸೀರೆ ವಿಗ್ ವಾಪಸು ಹಾಕಿಕೊಂಡು ನಾನು ಹೋದೆ. ಮುಖದ ಬಣ್ಣ ಕಣ್ಣೀರಿಗೆ ಕರಗಿತ್ತು. ಜನ ಅದನ್ನು ಕಲೆಯ ಪರವಶತೆ ಅಂದುಕೊಂಡರು. ಮಮ್ಮಿ ಪರದೆಯ ಪಕ್ಕ ಪಿನ್ನಿನ ಡಬ್ಬಿ ಹಿಡಿದು ನಿಂತಿದ್ದಳು. ಆಸ್ವಾಲ್ಡ್ ಅದೇ ದಿನ ಯಾರಿಗೂ ಹೇಳಬಾರದೆಂದು ಎಲ್ಲರಿಂದಲೂ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿದ, ಮುಂದಿನ ವರ್ಷದಿಂದ ಹೆಣ್ಣಿನ ಪಾತ್ರವೇ ಇಲ್ಲದ ನಾಟಕ ಹುಡುಕಿದ. ಶಿಖರದಿಂದ ನಾನೇ ಇಳಿದೆ ಎಂದೆನಲ್ಲ. ಹತ್ತಿದವನಿಗಲ್ಲವೇ ಇಳಿಯುವ ಮಾತು.

ಸೀರೆಯ ಮಡಿಕೆಯಲ್ಲಿ ಸಿಕ್ಕ ಚೀಟಿ ನನ್ನದಲ್ಲ. ನನ್ನ ಚೀಟಿ ಆಸ್ವಾಲ್ಡನ ಅಕ್ಷರದ್ದು. ಇದು ಮಮ್ಮಿಯ ಅಕ್ಷರ, ನೀಲಿ ಶಾಯಿ, ನಾಯಕಿಯ ಮಾತು ಪೂರ್ತಿ. ಕೆಳಗೆ ತಾರೀಕು: 3 ನವೆಂಬರ್ 1996. ನಾಟಕಕ್ಕೆ ಆರು ವಾರ ಮುಂಚೆ. ನನಗೆ ಬಾಲ ಕೊಡುತ್ತಾ ಕೊಡುತ್ತಾ ಅವಳು ತಲೆಯನ್ನೂ ಕಲಿತಿದ್ದಳು. ಮ್ಯಾನೇಜರನಿಗೆ ಆಮಂತ್ರಣ ಕಳಿಸಿದವರು ಯಾರೆಂದು ಇಪ್ಪತ್ತೇಳು ವರ್ಷ ನಾನು ಅವಳನ್ನು ಕೇಳಲಿಲ್ಲ. ಈಗ ಸಂಜೆ ಸಂಜೆ ಕೇಳಬೇಕೆನಿಸುತ್ತದೆ, ಹೆದರಿಕೆಯಾಗುತ್ತದೆ.

ಇನ್ನು 2008. ನೀನು ಸ್ಟೇಜ್ ಹತ್ತಿದರೆ ಹಳಬರು ನಿನ್ನ ನಡಿಗೆ ನೋಡುತ್ತಾರೆ, ಸ್ವರ ಕೇಳುತ್ತಾರೆ, ಅವರಿಗೆ 1996 ನೆನಪಾಗುತ್ತದೆ. ಇಷ್ಟೇ ಕಾರಣ. ಬೆಟ್ಟಗಿಟ್ಟ ಏನೂ ಇರಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋದಾಗ ಅವಳು ಪ್ಲೇಟು ತೊಳೆಯುತ್ತಿದ್ದಳು. ತಿರುಗಲಿಲ್ಲ. ಬೆನ್ನು ಹಾಕಿಯೇ, ನೀರಿನ ಸದ್ದಿನ ಅಡಿಯಲ್ಲಿ ಮೆತ್ತಗೆ ಬಾಲ ಕೊಟ್ಟಳು: ‘ತುಂ ಕೋಣ್, ಸಾಂಗ್.’ ನನಗೆ ಉತ್ತರ ಗೊತ್ತಿತ್ತು. ಆರು ಹೆಜ್ಜೆ ಆಚೆ ನೀನು ಕೂತಿದ್ದೆ. ಉತ್ತರ ಹೇಳಿದ್ದರೆ ನಿನಗೂ ಕೇಳುತ್ತಿತ್ತು. ನಾನು ಹೇಳಿದ್ದು: “ನಲ್ಲಿ ನಿಲ್ಲಿಸು, ನೀರು ಪೋಲಾಗ್ತದೆ.” ಅವಳು ನಿಲ್ಲಿಸಿದಳು.

ಹಾಗಾಗಿ ನಿನ್ನ ವಾಕ್ಯ ತಪ್ಪು. ಅವಳು ಸುಮ್ಮನಿರಲಿಲ್ಲ. ಸುಮ್ಮನಿದ್ದವನು ನಾನು. ಹೀಗೆಯೇ ಬರೆ, ನನ್ನ ಹೆಸರು ಹಾಕಿಯೇ ಬರೆ.

ನಿನ್ನೆ ಬಾಂಗ್ ಮುಗಿದ ಮೇಲೆ ಸ್ವರ ಬಂತು. ಲೈಟ್ ಹಾಕಲಿಲ್ಲ. ಬಾಗಿಲಲ್ಲಿ ನಿಂತು ಉತ್ತರ ಹೇಳಿದೆ, ಕೊಂಕಣಿಯಲ್ಲಿ, ಗಟ್ಟಿಯಾಗಿ. ಮುಂದಿನ ಮಾತಿಗೆ ಕಾದೆ. ಬಾಗಿಲ ಹಿಂದಿನ ಸೀರೆ ಮಾತ್ರ ಅಲುಗಿತು. ಎಸಿ ನಾನು ಆಗಲೇ ಆರಿಸಿದ್ದೆ.

ಸೀರೆ, ಚೀಟಿ, ಕಪ್, ಮೂರನ್ನೂ ತೌಫೀಕನ ಕೈಯಲ್ಲಿ ಕಳಿಸಿದ್ದೇನೆ. ಚೀಟಿಯನ್ನು ಒಮ್ಮೆ ಗಟ್ಟಿಯಾಗಿ ಓದು. ಅವಳ ಒಂದು ಮಾತೂ ಇಲ್ಲ ಎಂದೆಯಲ್ಲ, ಅಲ್ಲಿ ಹನ್ನೊಂದು ಹಾಳೆ ಇದೆ. ಬಾಲ ಕೊಡಲು ಯಾರಾದರೂ ಬೇಕಾದರೆ ಫೋನ್ ಮಾಡು.

ಕಜೆತಾನ್

ತಾ.ಕ. ನಡೆದದ್ದು ನಡೆದ ಹಾಗೆ ಎಂದು ನೀನು ಕೇಳಿದ್ದರಿಂದ ಇದೊಂದು. ಸೀರೆ ಎಸೆದ ಮೇಲೆ ನನ್ನ ಮೈಮೇಲೆ ಏನೂ ಇರಲಿಲ್ಲ; ಪ್ಯಾಂಟು ಶರ್ಟು ಗ್ರೀನ್‌ರೂಮಿನಲ್ಲಿದ್ದವು. ಮಮ್ಮಿ ತಾನು ತೊಟ್ಟಿದ್ದ ಹಳದಿ ಚೂಡಿದಾರವನ್ನು ಬಾಗಿಲಿನ ಮೇಲಿಂದ ಒಳಗೆ ಹಾಕಿದ್ದಳು. ಎರಡು ಗಂಟೆ ಹತ್ತು ನಿಮಿಷ ಅದನ್ನು ಹಾಕಿಕೊಂಡು, ದುಪಟ್ಟಾ ಹೊದ್ದು ಕೂತಿದ್ದೆ. ಎರಡನೆಯ ಅಂಕದ ನಡುವೆ ಲೈಟಿನ ಮುನಿಸ್ವಾಮಿ ಬಂದು ಬಾಗಿಲು ಬಡಿದ. ಆರು ವಾರ ಕಲಿತ ಕಂಠವನ್ನೆಲ್ಲ ಒಟ್ಟುಗೂಡಿಸಿ, ಸಾಧ್ಯವಾದಷ್ಟು ನಾಜೂಕಾಗಿ, “ಒಳಗೆ ಹೆಂಗಸರಿದ್ದೇವೆ” ಎಂದೆ. ಸ್ತ್ರೀಪಾತ್ರದಲ್ಲಿ ನಾನು ಜೀವಮಾನದಲ್ಲಿ ಆಡಿದ ಮಾತು ಅದೊಂದೇ.

“ಆಯ್ತು ಸಾರ್,” ಎಂದ ಮುನಿಸ್ವಾಮಿ, “ಸ್ವಲ್ಪ ಬೇಗ ಬನ್ನಿ.”